ಇಬ್ಬರ ಕೈಯಲ್ಲಿ ಹನ್ನೆರಡನೆಯ ಬಿಲ್ಲೆ

"ಮಾವ, ಒಂದು ಯಂತ್ರ ಕೆಟ್ಟಿದೆ ಎಂದು ಖಾತ್ರಿಯಾಗಿ ಹೇಳುವುದು ಯಾವಾಗ?"

ಹುಲಿಗೆಮ್ಮ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಕೇಳಿದಳು. ಪಂಪಣ್ಣ ಮಾವ ಚಹಾದ ಲೋಟ ಕೆಳಗಿಡಲಿಲ್ಲ.

"ಅದಕ್ಕೊಂದು ಕತೆಯಿದೆ. ಅಕ್ಷರ ಅಕ್ಷರವೂ ನಿಜ. ಒಂದಕ್ಷರ ಸುಳ್ಳಿದ್ದರೆ ಈ ಎಡಗಡೆಯ ಮೀಸೆ ನಿನ್ನದು."

"ಮೊದಲು ನನ್ನ ಕತೆ ಕೇಳಿ."

ಪಂಪಣ್ಣ ಮಾವ ರೂಟರು, ಕೇಬಲ್ಲು, ವೈಫೈ ರಿಪೇರಿ ಮಾಡುವವರು. ಮಾಡುವುದಕ್ಕಿಂತ ಕಲಿಸುವುದು ಹೆಚ್ಚು, ಕಲಿಸುವುದಕ್ಕಿಂತ ಹೇಳಿಕೊಳ್ಳುವುದು ಇನ್ನೂ ಹೆಚ್ಚು. ತಾವು ಒಮ್ಮೆ ಮುಟ್ಟಿದ ಯಂತ್ರ ಮತ್ತೆ ಕೆಡುವುದಿಲ್ಲ, ಅಕಸ್ಮಾತ್ ಕೆಟ್ಟರೂ ತಮ್ಮ ಸ್ಕೂಟರಿನ ಸದ್ದು ಕೇಳಿ ನಾಚಿಕೊಂಡು ತಾನಾಗಿಯೇ ಸರಿಯಾಗಿಬಿಡುತ್ತದೆ ಎಂದು ಊರಿಗೆಲ್ಲ ಸಾರುತ್ತಿದ್ದರು. ಅಂಗಡಿಯ ಡಬ್ಬಿ ಡಬ್ಬಿಗೂ ಹಸಿರು ಶಾಯಿಯಲ್ಲಿ ಬರೆದ ಚೀಟಿ ಅಂಟಿಸಿದ್ದರು. ಮರೆವಿನವರು ಚೀಟಿ ಅಂಟಿಸುತ್ತಾರೆ ಎಂದು ಯಾರಾದರೂ ಅಂದರೆ, "ಇದು ನನಗಲ್ಲ, ನನ್ನ ಶಿಷ್ಯರಿಗೆ" ಎನ್ನುತ್ತಿದ್ದರು. ಅವರಲ್ಲಿ ಕೆಲಸ ಕಲಿತವರು ಹನ್ನೊಂದು ಮಂದಿ. ಎಲ್ಲರಿಗೂ ಅವರು ಮಾವನೇ.

ಹುಲಿಗೆಮ್ಮ ಹನ್ನೊಂದನೆಯವಳು. ತನ್ನ ಹೆಸರಿನಲ್ಲಿ ಒಪ್ಪಿಕೊಂಡ ಮೊದಲ ಕೆಲಸ ಅವಳನ್ನು ಮೂರು ದಿನದಿಂದ ಕುಣಿಸುತ್ತಿತ್ತು. ಬಸ್ ನಿಲ್ದಾಣದ ಎದುರಿಗಿನ ಲಾಡ್ಜು. ಇಪ್ಪತ್ತು ಕೋಣೆ, ಮಹಡಿಗೊಂದು ವೈಫೈ ಪೆಟ್ಟಿಗೆ, ಅವೆಲ್ಲಕ್ಕೂ ಕೆಳಗೆ ಗಲ್ಲಾದ ಪಕ್ಕದಲ್ಲಿ ಒಂದು ರೂಟರು. ಸೇರಿಕೊಳ್ಳುವ ಪ್ರತಿ ಫೋನಿಗೂ ರೂಟರು ತಾನೇ ಒಂದು ನಂಬರು ಕೊಡಬೇಕು. ಆ ನಂಬರೇ ಫೋನಿನ ವಿಳಾಸ. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡಕೂಡದು. ಈ ರೂಟರು ದಸರೆಯ ಗದ್ದಲ ಕಳೆದಾಗಿನಿಂದ ಆ ನಿಯಮ ಮರೆತಂತಿತ್ತು. ಎರಡು ಕೋಣೆಗೆ ಒಂದೇ ನಂಬರು. ಒಬ್ಬರಿಗೆ ವೈಫೈ ಬಂದರೆ ಇನ್ನೊಬ್ಬರಿಗೆ ಹೋಗುತ್ತಿತ್ತು.

"ಆರಿಸಿ ಹಚ್ಚಿದೆ. ರೀಸೆಟ್ ಮಾಡಿದೆ. ನಂಬರು ನೂರಿದ್ದದ್ದನ್ನು ಇನ್ನೂರು ಮಾಡಿದೆ. ಏನೂ ಆಗಲಿಲ್ಲ. ಇವತ್ತು ಸಂಜೆಯೊಳಗೆ ಸರಿಮಾಡದಿದ್ದರೆ ಹೊಸಪೇಟೆಯಿಂದ ಬೇರೆಯವರನ್ನು ಕರೆಸುತ್ತೇನೆ ಅಂದಿದ್ದಾರೆ ಯಜಮಾನರು. ಆಮೇಲೆ ಈ ಊರಲ್ಲಿ ನನ್ನನ್ನು ಯಾರು ಕರೆಯುತ್ತಾರೆ ಮಾವ? ರೂಟರ್ ಕೆಟ್ಟಿದೆ, ಹೊಸದು ತನ್ನಿ ಅಂದುಬಿಡಲೇ?"

"ಹೊಸದರಲ್ಲೂ ಹೀಗೇ ಆದರೆ?"

ಹುಲಿಗೆಮ್ಮನನ್ನು ಮೂರು ದಿನದಿಂದ ತಿನ್ನುತ್ತಿದ್ದ ಪ್ರಶ್ನೆ ಅದೇ. ಅವಳು ಸ್ಟೂಲೆಳೆದು ಕೂತಳು.

"ಬಸ್ ನಿಲ್ದಾಣದ ಎದುರಿನ ಲಾಡ್ಜು ಅಂದೆಯಾ?" ಮಾವ ಎಡಗಡೆಯ ಮೀಸೆಯನ್ನು ಒಮ್ಮೆ ಸವರಿಕೊಂಡರು. "ನನ್ನನ್ನೇಕೆ ಕರೆಯಲಿಲ್ಲವಂತೆ ಅವರು?"

"ನಿಮ್ಮ ಮಾವ ಬಂದರೆ ಕೆಲಸ ಒಂದಾಣೆ, ಕತೆ ಹದಿನೈದಾಣೆ, ನೀನೇ ಬಾ ಅಂದರು."

"ಸರಿಯಾಗಿಯೇ ಹೇಳಿದ್ದಾರೆ. ಹದಿನೈದಾಣೆಯದನ್ನು ಕೇಳು."

ಅವರು ಹೇಳತೊಡಗಿದರು.

ಒಂದು ಮಠವಿತ್ತು. ಅಲ್ಲಿ ದಿನವೂ ದಾಸೋಹ. ಮಠ ಎಷ್ಟು ದೊಡ್ಡದೆಂದರೆ ಮುಂಬಾಗಿಲಲ್ಲಿ ಸೀನಿದ್ದು ಹಿಂಬಾಗಿಲಿಗೆ ಮರುದಿನ ಕೇಳಿಸುತ್ತಿತ್ತು.

ಮುಂಬಾಗಿಲಲ್ಲಿ ಒಬ್ಬ ಚಪ್ಪಲಿ ಕಾಯುವವನಿದ್ದ. ಅವನ ಬಳಿ ನೂರು ತಗಡಿನ ಬಿಲ್ಲೆ, ಬೆನ್ನ ಹಿಂದೆ ನೂರು ಗೂಡು. ಬಂದವರ ಚಪ್ಪಲಿ ಗೂಡಿಗೆ, ಗೂಡಿನ ನಂಬರಿನ ಬಿಲ್ಲೆ ಅವರ ಕೈಗೆ. ಉಂಡು ಬಂದವರು ಬಿಲ್ಲೆ ಕೊಟ್ಟು ಚಪ್ಪಲಿ ಮೆಟ್ಟಿ ಹೋಗುತ್ತಿದ್ದರು. ಮೂವತ್ತು ವರ್ಷ ಒಂದು ಬಾರಿನ ಎಳೆಯೂ ಅದಲುಬದಲಾಗಿರಲಿಲ್ಲ. ಜನರ ಮುಖ ಅವನಿಗೆ ಗೊತ್ತಿರಲಿಲ್ಲ. ಹಿಮ್ಮಡಿಯ ಸವೆತ ನೋಡಿ ಇವರ ಮನೆಯಲ್ಲಿ ಇವತ್ತು ಜಗಳವಾಗಿದೆ ಎಂದು ಹೇಳಬಲ್ಲವನಾಗಿದ್ದ.

ಒಂದು ದಿನ ಒಬ್ಬ ರೈತ ಬಂದ. ಹನ್ನೆರಡನೆಯ ಬಿಲ್ಲೆ ತೆಗೆದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಬ್ಬ ವರ್ತಕ ಹೊರಗೆ ಬಂದು ಹನ್ನೆರಡನೆಯ ಬಿಲ್ಲೆ ಚಾಚಿದ. ಕಾಯುವವನು ಬಿಲ್ಲೆ ನೋಡಿದ, ಗೂಡು ನೋಡಿದ, ರೈತನ ಕೆರ ತೆಗೆದುಕೊಟ್ಟ. ವರ್ತಕ ಹೊಟ್ಟೆತುಂಬ ಉಂಡಿದ್ದ. ಕಣ್ಣು ಅರ್ಧ ಮುಚ್ಚಿತ್ತು. ಮೆಟ್ಟಿಕೊಂಡು ನಡೆದ.

ಕೆರಕ್ಕೆ ದಾರಿ ಗೊತ್ತಿತ್ತು. ಅದು ದಿನವೂ ಹೋಗುವ ಕಡೆಗೇ ಹೋಯಿತು. ವರ್ತಕ ಕಣ್ಣು ಬಿಟ್ಟಾಗ ರೈತನ ಹಟ್ಟಿಯಲ್ಲಿ ಎಮ್ಮೆಯ ಕೆಚ್ಚಲ ಕೆಳಗೆ ಕೂತಿದ್ದ.

"ಕೆರ ತಾನೇ ನಡೆಸಿಕೊಂಡು ಹೋಯಿತೇ ಮಾವ?" ಎಂದಳು ಹುಲಿಗೆಮ್ಮ.

"ಮೀಸೆ ಒತ್ತೆಯಿಟ್ಟಿದ್ದೇನೆ, ನಡುವೆ ಬಾಯಿ ಹಾಕಬೇಡ. ಎಮ್ಮೆ ಒದೆಯಲೂ ಇಲ್ಲ. ಎಮ್ಮೆ ಕಾಲು ನೋಡುತ್ತದೆಯೇ ಹೊರತು ಮುಖ ನೋಡುವುದಿಲ್ಲ. ಆ ಹೊತ್ತು ಎರಡು ಸೇರು ಹೆಚ್ಚಿಗೆ ಹಾಲು ಕೊಟ್ಟಿತು."

ಅತ್ತ ರೈತ ಹಿಂಬಾಗಿಲಿಂದ ಹೊರಬಿದ್ದಿದ್ದ. ಅವನ ಬಿಲ್ಲೆಗೆ ಅಲ್ಲಿ ವರ್ತಕನ ಜೋಡು ಸಿಕ್ಕಿತು. ಹೊಳೆಯುವ ಜೋಡು. ಅದು ಅವನನ್ನು ಪೇಟೆಗೆ ಕರೆದುಕೊಂಡು ಹೋಗಿ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂರಿಸಿತು. ಗಿರಾಕಿಗಳು ಬಂದರು. ರೈತ ಬಟ್ಟೆಯನ್ನು ಮೊಳದಲ್ಲಿ ಅಳೆಯಲಿಲ್ಲ, ಹೆಜ್ಜೆಯಲ್ಲಿ ಅಳೆದ. ಸಂಜೆಯೊಳಗೆ ಅಂಗಡಿ ಖಾಲಿ.

ಮರುದಿನ ಹತ್ತು ಜನಕ್ಕೆ ಹೀಗಾಯಿತು. ವಾರದಲ್ಲಿ ನೂರು ಜನಕ್ಕೆ. ಕುಂಬಾರ ಅಗಸನ ಮನೆಗೆ ಹೋದ, ಅಗಸ ವೈದ್ಯನ ಮನೆಗೆ ಹೋದ. ವೈದ್ಯನನ್ನು ಯಾರದೋ ಮೆಟ್ಟು ಮದುವೆಯ ಚಪ್ಪರಕ್ಕೆ ಒಯ್ದು ನಿಲ್ಲಿಸಿತು. ಅವನು ಅಲ್ಲಿಂದ ತಪ್ಪಿಸಿಕೊಂಡು ಬರುವುದರೊಳಗೆ ಅರಿಸಿನ ಹಚ್ಚಿ ಆಗಿತ್ತು.

ಊರಿನವರು ಸೇರಿದರು. ಚಪ್ಪಲಿ ಕಾಯುವವನಿಗೆ ಅರಳುಮರಳು ಎಂದರು. ಬಿಲ್ಲೆ ಸವೆದಿದೆ ಎಂದು ಹೊಸ ಬಿಲ್ಲೆ ಮಾಡಿಸಿದರು. ಅಂಕಿ ಕಾಣುವುದಿಲ್ಲ ಎಂದು ದೊಡ್ಡದಾಗಿ ಕೊರೆಸಿದರು. ನೂರು ಸಾಲದು ಎಂದು ಇನ್ನೂರು ಕೊಟ್ಟರು. ಅವನನ್ನು ಎಬ್ಬಿಸಿ ನಿಲ್ಲಿಸಿದರು, ಮತ್ತೆ ಕೂರಿಸಿದರು. ಏಳು ತಿಂಗಳು ಕಳೆಯಿತು. ಕೊನೆಗೆ, ಬರುವ ಸೋಮವಾರ ಬೇರೊಬ್ಬನನ್ನು ಕೂರಿಸುವುದು ಎಂದು ತೀರ್ಮಾನವಾಯಿತು.

ಹುಲಿಗೆಮ್ಮ ಸ್ಟೂಲಿನ ತುದಿಗೆ ಸರಿದಳು.

ಕಾಯುವವನು ಮನೆಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತ. ಹೆಂಡತಿ ಕೇಳಿದಳು.

"ತಪ್ಪು ನಿಮ್ಮದೋ ಅಲ್ಲವೋ, ಅಷ್ಟು ಹೇಳಿ."

"ಅದೇ ತಿಳಿಯುತ್ತಿಲ್ಲ ಕಣೇ. ಎಣಿಸಿ ಕೊಡುತ್ತೇನೆ, ಎಣಿಸಿ ತೆಗೆದುಕೊಳ್ಳುತ್ತೇನೆ. ಆದರೂ ಹೀಗೆ. ಅವರೆಲ್ಲ ಹೇಳಿ ಹೇಳಿ, ನಾನು ಕೆಟ್ಟುಹೋಗಿದ್ದೇನೆ ಎಂದು ನನಗೇ ಅನ್ನಿಸುತ್ತಿದೆ."

"ಹಾಗಾದರೆ ನಾಳೆ ಕೆಲಸಕ್ಕೆ ಹೋಗಬೇಡಿ. ಬಿಲ್ಲೆಯೆಲ್ಲ ನನ್ನ ಬುಟ್ಟಿಯಲ್ಲಿರಲಿ. ಊಟ ಮುಗಿಯುವ ಹೊತ್ತಿಗೆ ಹೋಗಿ ಬಾಗಿಲಲ್ಲಿ ನಿಂತು, ಬರುವವರ ಕೈ ನೋಡಿ. ಕೈ ಬರಿದಾಗಿದ್ದರೆ ತಪ್ಪು ನಿಮ್ಮದು. ನಾವಿಬ್ಬರೂ ಗಂಟುಮೂಟೆ ಕಟ್ಟೋಣ."

ಮರುದಿನ ಅವನು ಕೂರಲಿಲ್ಲ. ಇನ್ನೂರು ಬಿಲ್ಲೆ ಬುಟ್ಟಿಯಲ್ಲಿ, ಬುಟ್ಟಿ ಹೆಂಡತಿಯ ಮಡಿಲಲ್ಲಿ. ಊಟದ ಹೊತ್ತಿಗೆ ಮುಂಬಾಗಿಲಿಗೆ ಹೋಗಿ ನಿಂತ. ಮೊದಲು ಹೊರಬಂದವನು ಒಬ್ಬ ಗಾಣಿಗ. ಅವನ ಕೈಯಲ್ಲಿ ಹನ್ನೆರಡನೆಯ ಬಿಲ್ಲೆ.

ಕಾಯುವವನು ಗಾಣಿಗನ ಕೈ ಹಿಡಿದುಕೊಂಡ. ಏಳು ತಿಂಗಳಿಂದ ಯಾರೂ ಕೇಳದೆ ಇದ್ದ ಮಾತು ಕೇಳಿದ.

"ಇದನ್ನು ನಿನಗೆ ಕೊಟ್ಟವರು ಯಾರಪ್ಪಾ?"

ಗಾಣಿಗ ಹಿಂಬಾಗಿಲ ಕಡೆ ಬೆರಳು ತೋರಿಸಿದ.

ಹಿಂಬಾಗಿಲಲ್ಲಿ ಒಬ್ಬ ಮುದುಕ ಕೂತಿದ್ದ. ಅವನ ಮುಂದೆಯೂ ನೂರು ಬಿಲ್ಲೆ, ಬೆನ್ನ ಹಿಂದೆಯೂ ನೂರು ಗೂಡು. ಒಂದರಿಂದ ನೂರರವರೆಗೆ ಅವವೇ ಅಂಕಿ. ಕಾಯುವವನನ್ನು ಕಂಡು ಮುದುಕ ಎದ್ದು ಕೈಮುಗಿದ.

"ಗದ್ದಲದ ದಿನ ಗುರುಗಳ ಶಿಷ್ಯರೊಬ್ಬರು ಬಂದು, ಇವತ್ತೊಂದು ದಿನ ಕೂರು ಅಂದರು. ಕೂತೆ. ಏಳು ಅನ್ನಲು ಯಾರೂ ಬರಲಿಲ್ಲ. ನನ್ನಿಂದ ಏನಾದರೂ ತಪ್ಪಾಯಿತೇ?"

"ನಿನ್ನ ತಪ್ಪಿಲ್ಲ, ನನ್ನದೂ ಇಲ್ಲ. ಏಳಪ್ಪಾ, ಊಟಕ್ಕೆ ಹೋಗೋಣ."

ಮುದುಕ ಆ ಮಠದಲ್ಲಿ ಏಳು ತಿಂಗಳು ಕೂತಿದ್ದರೂ ಒಂದು ದಿನವೂ ಪಂಕ್ತಿಗೆ ಹೋಗಿರಲಿಲ್ಲ. ಕಾಯಬೇಕಾದ ಚಪ್ಪಲಿ ಬಿಟ್ಟು ಹೋಗುವುದು ಹೇಗೆ? ಮನೆಯಿಂದ ತಂದ ಬುತ್ತಿಯನ್ನೇ ಉಣ್ಣುತ್ತಿದ್ದ. ಆ ದಿನ ಇಬ್ಬರೂ ಪಕ್ಕಪಕ್ಕದಲ್ಲಿ ಎಲೆ ಹಾಕಿಸಿಕೊಂಡು ಕೂತರು. ಮುದುಕ ಏಳು ತಿಂಗಳ ಊಟವನ್ನು ಒಂದೇ ಪಂಕ್ತಿಯಲ್ಲಿ ಉಂಡ. ಹುಗ್ಗಿ ಬಡಿಸುವವರು ಮೂರು ಸಲ ಬದಲಾದರು. ಸೋಮವಾರ ಕಾಯುವವನು ತನ್ನ ಜಾಗದಲ್ಲೇ ಇದ್ದ. ಮುಂದೆ ಮೂವತ್ತು ವರ್ಷ ಒಂದು ಬಾರಿನ ಎಳೆಯೂ ಅದಲುಬದಲಾಗಲಿಲ್ಲ.

"ರೈತ, ವರ್ತಕ ಏನಾದರು?"

"ಎಮ್ಮೆ ವರ್ತಕನ ಕೈಗೇ ಒಗ್ಗಿಬಿಟ್ಟಿತ್ತು. ದಿನವೂ ಹಾಲು ಕರೆಯಲು ಅವನೇ ಬರಬೇಕಾಯಿತು. ಬಂದು ಬಂದು ಕೊನೆಗೆ ಬೀಗರಾದರು. ಹೊತ್ತಾಯಿತು, ಏಳು."

ಹುಲಿಗೆಮ್ಮ ಆಗಲೇ ಎದ್ದಿದ್ದಳು.

ಲಾಡ್ಜಿಗೆ ಬಂದವಳು ಗಲ್ಲಾದ ಪಕ್ಕದ ರೂಟರಿನ ಪ್ಲಗ್ಗನ್ನೇ ಕಿತ್ತಳು. ಯಜಮಾನರು ಎದ್ದು ನಿಂತರು.

"ಏನಮ್ಮಾ, ಇದ್ದದ್ದನ್ನೂ ಆರಿಸಿಬಿಟ್ಟೆಯಲ್ಲ!"

"ಇವತ್ತು ಇದು ಕೆಲಸಕ್ಕೆ ಬರುವುದಿಲ್ಲ ಸರ್, ರಜೆ."

ಅವಳು ಫೋನಿನ ವೈಫೈ ಆರಿಸಿದಳು. ಮತ್ತೆ ಹಚ್ಚಿದಳು. ನಂಬರು ಕೊಡುವವರು ಯಾರೂ ಇರಬಾರದಿತ್ತು. ಒಂದು, ಎರಡು, ಮೂರು ಎಂದು ಎಣಿಸಿದಳು. ನಾಲ್ಕಕ್ಕೆ ಫೋನಿಗೆ ನಂಬರು ಬಂತು.

ಹುಲಿಗೆಮ್ಮ ನಕ್ಕಳು. ಮೂರು ದಿನದಲ್ಲಿ ಮೊದಲ ನಗು. ಆಮೇಲೆ ಗೋಡೆಯ ಮೇಲಿನ ಕೇಬಲ್ಲು ಹಿಡಿದು ಮೆಟ್ಟಿಲು ಹತ್ತಿದಳು. ಮೊದಲ ಮಹಡಿ, ಎರಡನೆಯದು, ಮೂರನೆಯದು. ಕೇಬಲ್ಲು ಹಾಸಿಗೆ ಬಟ್ಟೆ ಇಡುವ ಕೋಣೆಯೊಳಗೆ ಹೋಯಿತು. ಅಲ್ಲಿ ಒಗೆದು ಮಡಿಸಿದ ಚಾದರಗಳ ಹಿಂದೆ ಒಂದು ಪುಟ್ಟ ರೂಟರು ಹಸಿರು ದೀಪ ಮಿಟುಕಿಸುತ್ತ ಕೂತಿತ್ತು. ಮುಟ್ಟಿದರೆ ಬೆಚ್ಚಗಿತ್ತು.

"ಏಳಪ್ಪಾ," ಎಂದು ಅದರ ಪ್ಲಗ್ಗು ಕಿತ್ತಳು.

ತಿರುಗಿಸಿ ನೋಡಿದಳು. ಬೆನ್ನ ಮೇಲೊಂದು ಚೀಟಿ. 'ದಸರೆ ಗದ್ದಲ. ಒಂದು ದಿನದ ಮಟ್ಟಿಗೆ.' ಶಾಯಿ ಹಸಿರು.

ಹುಲಿಗೆಮ್ಮ ಚಾದರದ ರಾಶಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕೆಳಗೆ ಬಂದು ಗಲ್ಲಾದ ಪಕ್ಕದ ರೂಟರನ್ನು ಹಚ್ಚಿದಳು. ಇಪ್ಪತ್ತು ಕೋಣೆಗೂ ಹೋಗಿ ಬಂದಳು. ಇಪ್ಪತ್ತು ಕೋಣೆಗೆ ಬೇರೆ ಬೇರೆ ನಂಬರು. ಒಂದೂ ಎರಡು ಕಡೆ ಇರಲಿಲ್ಲ.

"ಹೊಸ ರೂಟರ್ ಬೇಡವೇ?" ಎಂದರು ಯಜಮಾನರು.

"ಬೇಡ ಸರ್. ಇದರ ತಪ್ಪೇನೂ ಇಲ್ಲ."

"ಹೊಳೆಯಾಚೆ ನನ್ನ ತಮ್ಮನದೂ ಒಂದು ಲಾಡ್ಜಿದೆ. ಬರುವ ವಾರ ಅಲ್ಲಿಗೂ ಹೋಗಿ ಬಾಮ್ಮ. ನೀನೇ ಹೋಗಬೇಕು ಮತ್ತೆ, ಮಾವನನ್ನು ಕಳಿಸಬೇಡ."

ಹೊತ್ತು ಮುಳುಗಲು ಇನ್ನೂ ಎರಡು ಗಂಟೆ ಇತ್ತು. ಹುಲಿಗೆಮ್ಮ ಪುಟ್ಟ ರೂಟರನ್ನು ಚೀಲದಲ್ಲಿ ಹಾಕಿಕೊಂಡು ಹೊರಟಳು. ಮಾವನಿಗೆ ಅನ್ನಬೇಕಾದ ಹತ್ತು ಮಾತನ್ನು ದಾರಿಯುದ್ದಕ್ಕೂ ಒಂದರ ಹಿಂದೆ ಒಂದು ಜೋಡಿಸಿಕೊಂಡಳು. ಒಂದಕ್ಕಿಂತ ಒಂದು ಚುರುಕಾಗಿತ್ತು. ಇಷ್ಟು ವರ್ಷ ಜಂಭ ಕೇಳಿದ್ದಕ್ಕೆ ಇವತ್ತು ಬಡ್ಡಿ ಸಮೇತ ವಸೂಲಿ ಎಂದುಕೊಂಡಳು.

ಮಾವ ಅಂಗಡಿಯಲ್ಲಿ ಅದೇ ಜಾಗದಲ್ಲಿದ್ದರು. ಕೈಯಲ್ಲಿ ಇನ್ನೊಂದು ಲೋಟ ಚಹಾ. ಹುಲಿಗೆಮ್ಮ ರೂಟರನ್ನು ಚೀಟಿ ಮೇಲಾಗಿ ಮೇಜಿನ ಮೇಲಿಟ್ಟಳು.

"ಕತೆ ಚೆನ್ನಾಗಿತ್ತು ಮಾವ. ಆದರೆ ಆ ಶಿಷ್ಯನ ಹೆಸರು ಹೇಳಲೇ ಇಲ್ಲ ನೀವು."

ಮಾವ ಚೀಟಿಯನ್ನು ನೋಡಿದರು. ಮೇಜಿನ ಖಾನೆ ತೆಗೆದು ಕತ್ತರಿ ಹುಡುಕಿ ಹುಲಿಗೆಮ್ಮನ ಕೈಗೆ ಕೊಟ್ಟರು. ಎಡಗೆನ್ನೆಯನ್ನು ಅವಳ ಕಡೆ ತಿರುಗಿಸಿದರು.

"ಹೇಳಿದ್ದೆಲ್ಲ ನಿಜ ಹುಲಿಗೆಮ್ಮ, ಕೆರ ನಡೆದದ್ದೂ ನಿಜ, ಒಂದೇ ಒಂದು ಸಣ್ಣ ವಿವರ ನಾನು ಕಟ್ಟಿದ್ದು, ಕೂರಿಸಿ ಮರೆತವನು ಶಿಷ್ಯನಲ್ಲ, ಗುರು."

ಹುಲಿಗೆಮ್ಮ ಕತ್ತರಿಯನ್ನು ಮತ್ತೆ ಖಾನೆಯೊಳಗೆ ಹಾಕಿ, ಜೋಡಿಸಿಕೊಂಡು ಬಂದ ಹತ್ತು ಮಾತನ್ನೂ ಅದರ ಜೊತೆಗೇ ಮುಚ್ಚಿಟ್ಟಳು.