ಹುಲಿಗೆವ್ವನ ದಾರಿ

ಬೆಟ್ಟದ ಬುಡದಲ್ಲಿ ಪಾಳೆಯಗಾರರ ಕಾಲದ ಒಂದು ತೋಟವಿತ್ತು. ರಾಣಿಯೊಬ್ಬಳಿಗಾಗಿ ಮಾಡಿಸಿದ್ದು. ಸುತ್ತ ಕಲ್ಲಿನ ಗೋಡೆ, ನಡುವೆ ತಗ್ಗಿನಲ್ಲಿ ಕೊಳ, ಕೊಳಕ್ಕೆ ಇಳಿಯಲು ಕಡಿದಾದ ಮೆಟ್ಟಿಲು.

ಆ ಮನೆತನ ಅಳಿದ ಮೇಲೆ ತೋಟ ಆಶ್ರಮಕ್ಕೆ ಬಂತು. ಗುರು ಅಡವಯ್ಯನವರು ಕೊಳದ ದಂಡೆಯ ಮಂಟಪದಲ್ಲಿ ಕೂತು ಪಾಠ ಹೇಳುತ್ತಿದ್ದರು. ತೋಟ ನೋಡಿಕೊಳ್ಳುವ ಕೆಲಸ ಶಿಷ್ಯ ಕೊಟ್ರೇಶನದು.

ನೋಡಲು ಬಂದವರು, “ಒಂದು ಕಲ್ಲೂ ಅಲುಗಿಲ್ಲವಲ್ಲ!” ಎಂದು ಬೆರಗಾಗುತ್ತಿದ್ದರು. ಆ ಮಾತು ಕೇಳಿದ ದಿನ ಕೊಟ್ರೇಶನಿಗೆ ಊಟ ಹೆಚ್ಚು ರುಚಿಸುತ್ತಿತ್ತು.

ಒಂದು ಬೆಳಿಗ್ಗೆ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಅವಳ ಕಾಲುಗಳಿಗೆ ಸ್ವಾಧೀನವಿರಲಿಲ್ಲ. ಗಾಲಿ ಹಾಕಿದ ಹಲಗೆಯ ಮೇಲೆ ಕೂತು, ಕೈಗಳಿಂದ ನೆಲ ತಳ್ಳುತ್ತ ಬಂದಿದ್ದಳು.

“ನಾನು ಹುಲಿಗೆವ್ವ ರೀ. ಕಲ್ಲುಕುಟಿಗ ದುರುಗಪ್ಪನ ಹೆಂಡ್ತಿ. ಕೊಳದ ಕಟ್ಟೆ ರಿಪೇರಿ ಮಾಡುವಾಗ ಕಲ್ಲು ಬಿದ್ದು ಸತ್ತನಲ್ರಿ, ಅವನ ಹೆಂಡ್ತಿ. ಅವನು ಹೋದ ಜಾಗ ನೋಡಬೇಕ್ರಿ.”

ಕೊಟ್ರೇಶ ಆಶ್ರಮ ಸೇರುವ ಮೊದಲು ನಡೆದ ಸಂಗತಿ ಅದು. ಅವನು ಕೇಳಿ ಬಲ್ಲ.

“ಒಳಗೆಲ್ಲ ಮೆಟ್ಟಿಲು, ತಾಯಿ. ನೀವು ಇಲ್ಲೇ ಕೂತಿರಿ” ಎಂದು ಒಳಗೆ ಓಡಿದ. ತಂಬಿಗೆಯಲ್ಲಿ ಕೊಳದ ನೀರು, ಬೊಗಸೆ ತುಂಬ ಮಲ್ಲಿಗೆ ತಂದು ಅವಳ ಮುಂದಿಟ್ಟ.

ಹುಲಿಗೆವ್ವ ನೀರಿನಲ್ಲಿ ಬೆರಳು ಅದ್ದಿದಳು. ಹೂವನ್ನು ಸೆರಗಿಗೆ ಕಟ್ಟಿಕೊಂಡಳು. ಹಲಗೆ ತಿರುಗಿಸಿಕೊಂಡು ಹೊರಟುಹೋದಳು.

ಸಂಜೆ ಕೊಟ್ರೇಶ ಇದನ್ನು ಗುರುಗಳಿಗೆ ಹೇಳಿದ. ಒಳ್ಳೆಯದು ಮಾಡಿದೆ ಎಂಬ ಸಮಾಧಾನ ಅವನ ದನಿಯಲ್ಲಿತ್ತು.

“ಅವಳು ನೀರು ಕೇಳಿದಳೇ?”

“ಇಲ್ಲ.”

“ಹೂ?”

“ಇಲ್ಲ. ಆದರೆ ನಾನೇನು ಮಾಡಲಿ ಗುರುಗಳೇ? ಮೆಟ್ಟಿಲು ನಾನು ಕಟ್ಟಿಸಿದ್ದಲ್ಲ.”

“ನಿಜ” ಎಂದರು ಗುರುಗಳು.

ಮರುದಿನ ಅವರು ಮಂಟಪಕ್ಕೆ ಬರಲಿಲ್ಲ. ಬಾಗಿಲಿನ ಹೊರಗೆ, ಮಣ್ಣಿನಲ್ಲಿ ಕೂತಿದ್ದರು. ಪಾಠ ಅಲ್ಲೇ ನಡೆಯಿತು. ಬಿಸಿಲೇರಿದರೂ ಏಳಲಿಲ್ಲ. ಅದರ ಮರುದಿನವೂ ಅಷ್ಟೇ.

“ಒಳಗೆ ಬನ್ನಿ ಗುರುಗಳೇ. ಈ ಬಿಸಿಲು ನಿಮ್ಮ ವಯಸ್ಸಿಗೆ ಆಗದು.”

“ದುರುಗಪ್ಪನನ್ನು ಆ ಕೆಲಸಕ್ಕೆ ಕರೆದವನು ನಾನು. ಅವನ ಹೆಂಡತಿ ಬರಲಾಗದ ಕಡೆ ನಾನು ಹೇಗೆ ಕೂರಲಿ?”

ಕೊಟ್ರೇಶ ಕೊಡೆ ತಂದ. ಗುರುಗಳು ಅದನ್ನು ಪಕ್ಕಕ್ಕಿಟ್ಟರು.

ಆಗ ಅವನು ಇಬ್ಬರು ಗಟ್ಟಿ ಆಳುಗಳನ್ನು ಕರೆದುಕೊಂಡು, ಒಂದು ಕುರ್ಚಿ ಹೊರಿಸಿಕೊಂಡು ಹುಲಿಗೆವ್ವನ ಊರಿಗೆ ಹೋದ. ಅವಳು ಮನೆಯ ಮುಂದೆ ಕೂತು ಜೋಳ ಹಸನು ಮಾಡುತ್ತಿದ್ದಳು.

“ಬನ್ನಿ ತಾಯಿ. ಇವರು ನಿಮ್ಮನ್ನು ಕೊಳದವರೆಗೆ ಹೊತ್ತು ಒಯ್ಯುತ್ತಾರೆ.”

ಹುಲಿಗೆವ್ವ ಮೊರ ಕೆಳಗಿಟ್ಟಳು.

“ಅವನನ್ನ ಹೊತ್ಕೊಂಡು ಹೊರಗ ತಂದ್ರಿ. ಈಗ ನನ್ನ ಹೊತ್ಕೊಂಡು ಒಳಗ ಒಯ್ತೀರೇನ್ರಿ? ಗಂಡನ ಹತ್ರ ಹೆಣದಂಗ ಹೋಗಾಕ ನಾ ಒಲ್ಲೆ.”

ಕೊಟ್ರೇಶ ತಲೆ ತಗ್ಗಿಸಿದ. ಆಳುಗಳನ್ನು ಕರೆದುಕೊಂಡು ವಾಪಸು ಬಂದ.

ಗುರುಗಳ ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ನಡೆದದ್ದನ್ನು ಕೇಳಿ ಅವರು ಕಣ್ಣು ಮುಚ್ಚಿಕೊಂಡರು.

“ಒಂದೇ ದಾರಿ ಇದೆ ಗುರುಗಳೇ” ಎಂದ ಕೊಟ್ರೇಶ. “ಮೂಡಣ ಗೋಡೆ ಒಡೆಯಬೇಕು. ಅಲ್ಲಿಂದ ಕೊಳಕ್ಕೆ ಇಳಿಜಾರು ಹಾಕಬಹುದು. ಆದರೆ ರಾಣಿಯ ಕಾಲದ ಗೋಡೆ. ಅದನ್ನು ನಾನು ಹೇಗೆ ಮುಟ್ಟಲಿ?”

“ನನ್ನನ್ನು ಕೇಳಬೇಡ.”

“ಮತ್ತೆ ಯಾರನ್ನು ಕೇಳಲಿ?”

“ಕುರ್ಚಿ ಹಿಡಿದುಕೊಂಡು ಹೋಗುವಾಗ ಯಾರನ್ನು ಕೇಳಿದ್ದೆ?”

ಬೆಳಗಾದ ಮೇಲೆ ಕೊಟ್ರೇಶ ಹಾರೆ ತೆಗೆದುಕೊಂಡು ಮೂಡಣ ಗೋಡೆಯ ಮುಂದೆ ನಿಂತ. ತುಂಬ ಹೊತ್ತು ನಿಂತ. ಮೊದಲ ಕಲ್ಲು ಕಿತ್ತಾಗ ಕಣ್ಣು ಮಂಜಾಯಿತು. ಎರಡನೆಯದು ಸುಲಭವಾಗಿ ಬಂತು.

ಗೋಡೆಯಿಂದ ಕೊಳದವರೆಗೆ ಅವನೇ ನೆಟ್ಟ ಮಲ್ಲಿಗೆ ಪಾತಿಗಳಿದ್ದವು. ಬಳ್ಳಿಗಳನ್ನು ಬೇರೆಡೆ ನೆಟ್ಟ. ಗರಸು ಮಣ್ಣು ಹಾಕಿ, ನೀರು ಚಿಮುಕಿಸಿ, ಬಡಿದು ದಾರಿ ಮಾಡಿದ. ಆಮೇಲೆ ಅವಳದರಂಥದೇ ಒಂದು ಗಾಲಿಹಲಗೆ ಮಾಡಿ, ತಾನೇ ಅದರ ಮೇಲೆ ಕೂತು ಇಳಿದು ನೋಡಿದ.

ಹಲಗೆ ಜಾರಿ ಪಕ್ಕದ ಕಲ್ಲಿಗೆ ಬಡಿಯಿತು. ಮೊಣಕೈಯ ಚರ್ಮ ಕಿತ್ತುಹೋಯಿತು. ಹತ್ತಿ ಬರಲು ನೋಡಿದರೆ ಕೈಗಳಿಗೆ ಶಕ್ತಿ ಸಾಲಲಿಲ್ಲ. ಅಲ್ಲೇ ಕೂತುಬಿಟ್ಟ. ಎದ್ದು ನಡೆದು ಬರಬಹುದಿತ್ತು. ಆದರೂ ಸ್ವಲ್ಪ ಹೊತ್ತು ಏಳಲಿಲ್ಲ.

ಮತ್ತೆ ದಾರಿ ಅಗೆದ. ಈ ಸಲ ಬಳಸಿ, ಉದ್ದವಾಗಿ, ನಿಧಾನಕ್ಕೆ ಇಳಿಯುವಂತೆ ಮಾಡಿದ. ನಡುನಡುವೆ ಕೈಗೆ ದಣಿವಾದರೆ ನಿಲ್ಲಲು ಸಮತಟ್ಟು ಬಿಟ್ಟ.

ತೋಟ ನೋಡಲು ಬಂದ ಒಬ್ಬರು, “ಅಯ್ಯೋ, ಗೋಡೆ ಹಾಳು ಮಾಡಿದಿರಲ್ಲ” ಎಂದು ಮರುಗಿದರು.

“ಹೌದು, ನಾನೇ ಒಡೆದೆ” ಎಂದ ಕೊಟ್ರೇಶ. ಕೆಲಸ ನಿಲ್ಲಿಸಲಿಲ್ಲ.

ದಾರಿ ಮುಗಿದ ಮೇಲೆ ಮತ್ತೆ ಹುಲಿಗೆವ್ವನ ಊರಿಗೆ ಹೋದ. ಈ ಸಲ ಒಬ್ಬನೇ ಹೋದ.

“ದಾರಿ ಮಾಡಿದ್ದೇನೆ ತಾಯಿ. ನಿಮಗೆ ಸರಿಹೋಗುತ್ತದೋ ಇಲ್ಲವೋ ನೀವೇ ನೋಡಿ ಹೇಳಬೇಕು.”

ಅವಳು ಅವನ ಮೊಣಕೈಯ ಗಾಯ ನೋಡಿದಳು. “ಬರ್ತೀನ್ರಿ” ಎಂದಳು.

ಅವಳು ಬಂದಾಗ ಗುರುಗಳು ಎದ್ದು ನಿಂತು ಕೈಮುಗಿದರು. ಅವಳೂ ಮುಗಿದಳು. ಕೊಟ್ರೇಶ ಹಲಗೆಯ ಹಿಂದೆ ಹೋಗಿ ನಿಂತ.

“ನೀವು ಇಲ್ಲೇ ಇರ್ರಿ” ಎಂದಳು ಹುಲಿಗೆವ್ವ.

ಗೋಡೆ ಒಡೆದ ಕಡೆಯಿಂದ ಒಳಗೆ ಹೋದಳು. ಇಳಿಜಾರಿನಲ್ಲಿ ಗಾಲಿಯ ಸದ್ದು ಸ್ವಲ್ಪ ಹೊತ್ತು ಕೇಳಿತು. ಆಮೇಲೆ ನಿಂತಿತು. ಕೊಳದ ಕಡೆಯಿಂದ ಅಳುವ ದನಿ ಬಂತು. ಅದೂ ನಿಂತಿತು.

ಗೋಡೆಯ ನೆರಳು ಉದ್ದಕ್ಕೆ ಚಾಚಿತು. ಹುಲಿಗೆವ್ವ ಬರಲಿಲ್ಲ.

ಕೊಟ್ರೇಶ ಚಡಪಡಿಸಿದ. “ತುಂಬ ಹೊತ್ತಾಯಿತು ಗುರುಗಳೇ. ಒಮ್ಮೆ ಹೋಗಿ ನೋಡಿ ಬರಲೇ?”

ಗುರುಗಳು ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ತೋಟದಲ್ಲಿ ಒಬ್ಬನೇ ಇರುವುದು ನಿನಗೆ ದಿನವೂ ಸಿಗುತ್ತದೆ, ಕೊಟ್ರೇಶ. ಅವಳಿಗೆ ಇವತ್ತೇ ಸಿಕ್ಕಿದ್ದು.”