ದಿಲ್ಲಿಯಿಂದ ಬಂದ ಕೆಂಪು ಕಾರು

ಗದಗಿನ ಹತ್ತಿ ಸಾಹುಕಾರ ಕೊಟ್ರಬಸಪ್ಪ ದಿಲ್ಲಿಯಲ್ಲಿ ನೆಲಕ್ಕೆ ಹೊಟ್ಟೆ ತಾಗುವಂಥ ಕೆಂಪು ಸ್ಪೋರ್ಟ್ಸ್ ಕಾರು ಕೊಂಡ.

"ಊರತನಕ ಓಡಿಸ್ಕೊಂಡೇ ನಡಿ. ಲಾರಿ ಮ್ಯಾಲೆ ಹೇರಿದ್ರ ನನ್ನ ಮರ್ಯಾದಿ ಹೋಗ್ತದ. ಒಂದು ಗೀರು ಬಿದ್ರ ನಿನ್ನ ಕೆಲಸ ಹೋಗ್ತದ!" ಎಂದು ಡ್ರೈವರನಿಗೆ ಗುಡುಗಿದ.

ಡ್ರೈವರ ಪೂಜೆಗೆ ತಂದಿದ್ದ ತೆಂಗಿನಕಾಯಿಯನ್ನು ಕಾರಿನ ಮುಂದಿಟ್ಟ. "ಸಾಹುಕಾರ್ರ, ನಮ್ಮ ಕಡೆ ರೋಡ್ ಹಂಪ್ ಇದಕ್ಕಿಂತ ಎತ್ತರ ಅದಾವ. ಮೊದಲು ಇದನ್ನ ದಾಟಿಸಿ ತೋರಸ್ರಿ."

ಸಾಹುಕಾರ ಬಗ್ಗಿ ನೋಡಿದ. ಕಾಯಿ ಕಾರಿನ ಅಡಿ ನುಸುಳುವಂತಿರಲಿಲ್ಲ.

"ಲಾರಿ ಮ್ಯಾಲೆ ಬಂದ್ರ ಮಂದಿ ನಗೂದಿಲ್ಲೇನೋ?" ಎಂದ ಮೆಲ್ಲಗೆ.

"ದೇವರು ಊರಾಗ ನಡಕೋತ ಬರ್ತಾನೇನ್ರಿ? ಪಲ್ಲಕ್ಕಿ ಮ್ಯಾಲೇ ಬರ್ತಾನ. ಯಾರರೆ ನಗ್ತಾರೇನ್ರಿ?"

ವಾರದ ಮೇಲೆ ಲಾರಿ ಗದಗ ಮುಟ್ಟಿತು. ಅದರ ಮುಂದೆ ಡೊಳ್ಳು ಬಡಿಸಿದವನು ಸಾಹುಕಾರನೇ.