ಅಳತೆ ಶೇಷಪ್ಪನವರ ಎಣ್ಣೆಸ್ನಾನ

"ಗೋಡೆ ಅಂದರೇನು ಮಹಾಪ್ರಭು? ಉದ್ದ, ಎತ್ತರ, ಅಷ್ಟೇ. ಗುಣಿಸಿದರೆ ಗಾರೆ ಎಷ್ಟು ಬೇಕೆಂದು ಗೊತ್ತಾಯಿತು. ಅದರ ಮೇಲೆ ಒಂದು ಚಿಟಿಕೆ ಕೇಳುವವನು ಒಂದೋ ದಡ್ಡ, ಇಲ್ಲವೇ ಕಳ್ಳ."

ಸೂರಪ್ಪನಾಯಕರ ಸಭೆಯಲ್ಲಿ ಹೀಗೆ ಎದೆ ತಟ್ಟಿಕೊಂಡವರು ಉಗ್ರಾಣದ ಪಾರುಪತ್ತೇಗಾರ ಶೇಷಪ್ಪನವರು. ಊರೆಲ್ಲ ಅವರನ್ನು ಅಳತೆ ಶೇಷಪ್ಪ ಎನ್ನುತ್ತಿತ್ತು. ಎದುರಿಗಲ್ಲ ಬಿಡಿ, ಉಗ್ರಾಣದ ಬೀಗದಕೈ ಅವರ ಸೊಂಟದಲ್ಲಿತ್ತು.

ಆದದ್ದಿಷ್ಟು. ದೀಪಾವಳಿಗೆಂದು ಸಭಾಮಂಟಪದ ಹಳೆಯ ಗೋಡೆಗಳಿಗೆ ಹೊಸದಾಗಿ ಸುಣ್ಣದ ಗಾರೆ ಹಾಕಬೇಕಿತ್ತು. ಶೇಷಪ್ಪನವರು ಉಗ್ರಾಣದ ನುಣುಪು ಕಲ್ಲಿನ ಮೇಲೆ ಒಂದು ಗೇಣು ಗಾರೆ ಬಳಿಸಿ ನೋಡಿದರು, ಗೋಡೆಗೆ ಹಗ್ಗ ಹಿಡಿಸಿದರು, ಲೆಕ್ಕ ಕಟ್ಟಿದರು. "ಹಳೇ ಗೋಡೆ ಬುದ್ಧಿ, ಒಸಿ ಜಾಸ್ತೀನೇ ಇರಲಿ" ಎಂದು ಗಾರೆಯ ಕರಿಯಣ್ಣ ಕೈಮುಗಿದ. ಶೇಷಪ್ಪನವರು ನಕ್ಕರು. ಕೊನೆಗೆ ಗಾರೆ ಮುಗಿಯಿತು, ಒಂದು ಗೋಡೆ ಹಾಗೇ ಉಳಿಯಿತು.

"ನನ್ನ ಲೆಕ್ಕ ತಪ್ಪುವುದಿಲ್ಲ. ಅಂದಮೇಲೆ ಗಾರೆ ಕದ್ದವನು ಇವನೇ" ಎಂದರು ಶೇಷಪ್ಪನವರು. ಎಂಥ ತರ್ಕ! ನಾಯಕರಿಗೂ ಅದು ಸರಿಯೆನ್ನಿಸಿತು. ಹಬ್ಬ ಮುಗಿದ ಕೂಡಲೇ ಕರಿಯಣ್ಣ ಹೆಂಡತಿ ಮಕ್ಕಳೊಂದಿಗೆ ಸೀಮೆ ಬಿಟ್ಟು ಹೋಗಬೇಕೆಂದು ಅಪ್ಪಣೆಯಾಯಿತು.

ಮೂಲೆಯಲ್ಲಿ ಕುಳಿತಿದ್ದ ತಿಪ್ಪಾಜಿಗೆ ರೇಗಿಹೋಯಿತು. ಆಸ್ಥಾನದಲ್ಲಿ ಅವನಿಗಿದ್ದ ಕೆಲಸವೆಂದರೆ ನಾಯಕರನ್ನು ನಗಿಸುವುದೊಂದೇ. ಸುಣ್ಣಕ್ಕೆ ಬೆರಳು ಸುಟ್ಟುಕೊಂಡವನ ಮೇಲೆ ಕಳ್ಳತನದ ಅಪವಾದ ಬೇರೆ! ಆದರೂ ಅವನು ಮುಖದ ತುಂಬ ಭಕ್ತಿ ಬಳಿದುಕೊಂಡು ಎದ್ದು ನಿಂತ.

"ಆಹಾ, ಏನು ವಿದ್ಯೆ ಸ್ವಾಮಿ! ಇದು ಗೋಡೆಗೆ ಮಾತ್ರವೋ, ಬೇರೆಯದಕ್ಕೂ ನಡೆಯುತ್ತದೋ?"

"ಬಳಿಯುವುದು ಏನೇ ಇರಲಿ, ಬಳಿಸಿಕೊಳ್ಳುವುದು ಏನೇ ಇರಲಿ, ನಡೆಯುತ್ತದೆ."

"ಹಾಗಾದರೆ ನಾಳೆ ನರಕಚತುರ್ದಶಿ. ಅರಮನೆಯಲ್ಲಿ ಎಣ್ಣೆಸ್ನಾನಕ್ಕೆಂದು ಎಳ್ಳೆಣ್ಣೆ ಕೊಡಗಟ್ಟಲೆ ಪೋಲಾಗುತ್ತದೆ. ತಾವೇ ಮೊದಲು ಲೆಕ್ಕದ ಎಣ್ಣೆ ಹಚ್ಚಿಸಿಕೊಂಡು ದಾರಿ ತೋರಿಸಿ. ಅದರ ಮೇಲೆ ಒಂದು ಹನಿಯೂ ಬೇಡ."

ಉಳಿತಾಯವೆಂದರೆ ನಾಯಕರಿಗೆ ಪ್ರಾಣ. "ಭೇಷ್!" ಎಂದರು. ಶೇಷಪ್ಪನವರು ಉಬ್ಬಿಹೋದರು.

ಸಂಜೆ ಹಿತ್ತಾಳೆ ತಟ್ಟೆಯ ಮೇಲೆ ಎಣ್ಣೆ ಸವರಿ ನೋಡಿದರು. ಮೈಗೆಲ್ಲ ದಾರ ಹಿಡಿಸಿದರು. ಹೊಟ್ಟೆಯ ಹತ್ತಿರ ದಾರ ಸಾಲದೆ ಇನ್ನೊಂದು ತುಂಡು ಗಂಟು ಹಾಕಬೇಕಾಯಿತು. "ತಲೆಗೆ ಕಡಿಮೆ ಸಾಕು, ಕೂದಲಿಲ್ಲ" ಎಂದು ಗಂಭೀರವಾಗಿಯೇ ಹೇಳಿದರು. ಅಷ್ಟೂ ಸೇರಿ ಒಂದು ಬಟ್ಟಲು ಎಣ್ಣೆಯಾಯಿತು.

ಬೆಳಗ್ಗೆ ಅರಮನೆಯ ಅಂಗಳದಲ್ಲಿ ನಾಯಕರ ಎದುರಿಗೇ ಮಣೆ ಹಾಕಿದರು. ಅರಮನೆಯ ಜಟ್ಟಿ ನೆತ್ತಿಗೆ ತಟ್ಟಿದ, ಭುಜ ತಿಕ್ಕಿದ, ಬೆನ್ನು ನೀವಿದ. ಬಟ್ಟಲು ಬರಿದಾಯಿತು. ಹೊಟ್ಟೆ, ಕಾಲು ಎಲ್ಲ ಬೂದುಗುಂಬಳಕಾಯಿಯ ಹಾಗೆ ಬೆಳ್ಳಗೆ ಉಳಿದವು.

"ಎಣ್ಣೆ ಆಗೋಯ್ತು ಬುದ್ಧಿ."

"ಹೋಗಿ ಇನ್ನಷ್ಟು ತಾರಯ್ಯಾ!" ಶೇಷಪ್ಪನವರು ಚಳಿಗೆ ನಡುಗುತ್ತ ಕೂಗಿದರು.

ತಿಪ್ಪಾಜಿ ಅಡ್ಡ ಬಂದ. "ಯಾಕೆ ತರಬೇಕು? ಲೆಕ್ಕವಂತೂ ತಪ್ಪುವುದಿಲ್ಲ. ಅಂದಮೇಲೆ ಎಣ್ಣೆ ಕಳುವಾಗಿದೆ. ಪ್ರಭು, ಈ ಜಟ್ಟಿಯನ್ನೂ ಗಡಿಪಾರು ಮಾಡಿ!"

ಜಟ್ಟಿಯ ಕೈ ಆಗ ಶೇಷಪ್ಪನವರ ಕತ್ತಿನ ಮೇಲಿತ್ತು. ಅದು ಕೊಂಚ ಬಿಗಿಯಾಯಿತು. "ನಾನು ಕಳ್ಳನಾ ಬುದ್ಧಿ?"

"ಅಯ್ಯೋ, ಅಲ್ಲಪ್ಪಾ, ಅಲ್ಲ! ಕದ್ದು ಎಲ್ಲಿಟ್ಟುಕೊಳ್ತೀಯ, ಲಂಗೋಟಿಯೊಳಗಾ? ಪ್ರಭು, ಇದು ಚಳಿಗೆ ಒಡೆದ ಮೈ! ತಟ್ಟೆ ಎಣ್ಣೆ ಕುಡಿಯೋದಿಲ್ಲ, ಮೈ ಕುಡಿಯುತ್ತೆ!"

"ಇನ್ನೊಂದು ಸಲ ಜೋರಾಗಿ ಹೇಳಿ ಸ್ವಾಮಿ," ಎಂದ ತಿಪ್ಪಾಜಿ, "ಮಂಟಪದ ಗೋಡೆಗೂ ಕೇಳಿಸಲಿ. ಮೊನ್ನೆ ಮೊನ್ನೆ ಹುಟ್ಟಿದ ತಮ್ಮ ಮೈಯೇ ಇಷ್ಟು ಕುಡಿದರೆ, ನಾಯಕರ ಮುತ್ತಾತನ ಕಾಲದ ಗೋಡೆ ಎಷ್ಟು ಕುಡಿದೀತು?"

ನಾಯಕರಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ತಡೆಯಲಾಗಲಿಲ್ಲ. ಕರಿಯಣ್ಣನನ್ನು ಕರೆಸಿ, ಎಲ್ಲರೆದುರಿಗೇ ಗಡಿಪಾರಿನ ಅಪ್ಪಣೆಯನ್ನು ಹಿಂದಕ್ಕೆ ಪಡೆದರು. ಬಡಪಾಯಿ ಅಲ್ಲೇ ಅತ್ತುಬಿಟ್ಟ.

"ಇನ್ನಾದರೂ ಎಣ್ಣೆ ತರಿಸಿ ಪ್ರಭು, ಹಬ್ಬದ ದಿನ ಅರ್ಧ ಮೈಗೆ ಎಣ್ಣೆ ಅಪಶಕುನ" ಎಂದು ಶೇಷಪ್ಪನವರು ಗೋಗರೆದರು.

"ಬೀಗದಕೈ ತಮ್ಮ ಹತ್ತಿರವೇ ಇದೆಯಲ್ಲ" ಎಂದ ತಿಪ್ಪಾಜಿ. "ಮೊದಲು ಗೋಡೆಗೆ ಸುಣ್ಣ ಹೊರಬರಲಿ, ಆಮೇಲೆ ತಮಗೆ ಎಣ್ಣೆ. ಬಾಯಾರಿ ಮೊದಲು ನಿಂತದ್ದು ಗೋಡೆ."

ಬೀಗದಕೈ ಗಾಳಿಯಲ್ಲಿ ಹಾರಿ ಬಂದು ಕರಿಯಣ್ಣನ ಕಾಲಬಳಿ ಬಿತ್ತು.

ನಾಯಕರು ಕಣ್ಣೊರೆಸಿಕೊಂಡು, "ತಿಪ್ಪಾಜಿ, ನಿನಗೊಂದು ಶಾಲು ನೇಯಿಸಿ ಹೊದಿಸುತ್ತೇನೆ" ಎಂದರು.

"ಹೊದಿಸಿ ಪ್ರಭು. ಆದರೆ ಅಳತೆ ಮಾತ್ರ ಶೇಷಪ್ಪನವರಿಂದ ತೆಗೆಸಬೇಡಿ. ಅರ್ಧ ಬೆನ್ನು ಚಳಿಗೆ ಉಳಿದರೆ, ಉಳಿದರ್ಧ ಶಾಲು ಕದ್ದವನು ನಾನೇ ಎಂದಾರು."